ಮುಸುವದ ಮೂರು ಮಡಕೆ

ಮತ್ತಿಮರದ ತುದಿಯಲ್ಲಿ ಕೂತು, ಚಿರತೆ ಕಂಡರೆ ಕೂಗುವುದು ಮುಸುವ ಕೋತಿಯ ಕೆಲಸ. ಆ ಕೂಗನ್ನು ನಂಬಿ ಕೆಳಗೆ ಜಿಂಕೆಯೊಂದು ತನ್ನ ಮರಿಯೊಂದಿಗೆ ಮೇಯುತ್ತಿತ್ತು. ಒಂದು ದಿನ ಯಾರೋ ಪ್ರವಾಸಿ ಬೀಳಿಸಿಹೋದ ಮೊಬೈಲು ಮುಸುವದ ಕೈಗೆ ಸಿಕ್ಕಿತು. ಅದರಲ್ಲೊಂದು ಆಟ ತೆರೆದೇ ಇತ್ತು: ಮೂರು ಮಡಕೆ, ಒಂದರಲ್ಲಿ ಮಾತ್ರ ಹಣ್ಣು.

ಮುಸುವ ಎಡಗೈಯಲ್ಲಿ ಒತ್ತಿ ನೋಡಿತು, ಕಣ್ಣು ಮುಚ್ಚಿ ಒತ್ತಿತು, ಬಾಲ ಸುತ್ತಿಕೊಂಡು ಒತ್ತಿತು. ಒಮ್ಮೆ ಹಣ್ಣು ಬಂದರೆ ಇನ್ನೊಮ್ಮೆ ಬರಲಿಲ್ಲ.

"ಅಣ್ಣಾ, ಹುಲ್ಲು ಅಲುಗುತ್ತಿದೆ. ನೋಡುತ್ತಿದ್ದೀಯಲ್ಲ?" ಎಂದಿತು ಜಿಂಕೆ.

"ಸ್ವಲ್ಪ ಸುಮ್ಮನಿರು ತಂಗೀ. ಬಾಲದ ಉಪಾಯ ಫಲಿಸುವ ಹಾಗಿದೆ. ಇದೊಂದು ಸಲ."

ಆ ಸಲ ಹಣ್ಣು ಬಂತು. ಕೆಳಗೆ ಮರಿ ಕಿರುಚಿತು. ಮುಸುವ ಬಗ್ಗಿ ನೋಡುವಷ್ಟರಲ್ಲಿ ಚಿರತೆ ಮರಿಯನ್ನು ಕಚ್ಚಿಕೊಂಡು ಪೊದೆ ಸೇರಿತ್ತು.

ಮುಸುವ ಮೊಬೈಲನ್ನು ಕೇಳಿತು, "ನಿಜ ಹೇಳು, ಬಾಲದಿಂದಲೇ ಗೆದ್ದೆನಲ್ಲವೇ?"

"ನಿನಗೆ ಬಾಲವಿದೆಯೆಂದೇ ನನಗೆ ಗೊತ್ತಿರಲಿಲ್ಲ. ಅದು ಬರೀ ಅದೃಷ್ಟ," ಎಂದಿತು ಮೊಬೈಲು.

ಈಗ ಒಂದು ಎಲೆ ಅಲುಗಿದರೂ ಮುಸುವ ಕೂಗುತ್ತದೆ. ಆ ಮರದ ಕೆಳಗೆ ಮಾತ್ರ ಯಾವ ಜಿಂಕೆಯೂ ಮೇಯಲು ಬರುವುದಿಲ್ಲ.