ವಾಲ್ವಿನ ಅಸಲಿ ನಾದ

ಮಂಗಳೂರಿನ ರೆಕಾರ್ಡಿಂಗ್ ಸ್ಟುಡಿಯೋ ಒಂದಕ್ಕೆ ಹಾಡಿಗೆ ನುಡಿಸಲು ಬಂದ ಗಿಟಾರ್ ಮಾಸ್ತರ್ ಪದ್ಮಾಕರರು, ಗಿಟಾರಿಗೆ ಜೋಡಿಸಲೆಂದು ಮೇಜಿನ ಮೇಲಿಟ್ಟಿದ್ದ ಡಿಜಿಟಲ್ ಪೆಟ್ಟಿಗೆಯನ್ನು ಸತ್ತ ಇಲಿಯನ್ನು ನೋಡುವಂತೆ ನೋಡಿದರು.

"ಗಾಜಿನ ವಾಲ್ವುಗಳಿದ್ದ ಹಳೆಯ ಆಂಪ್ಲಿಫೈಯರಿನ ನಾದವೇ ಇದರಲ್ಲೂ ಬರುತ್ತದೆ ಸರ್," ಎಂದ ಆಪರೇಟರ್.

"ನಕಲಿ! ನನಗೆ ಆ ಕಾಲದ ಅಸಲಿ ನಾದವೇ ಬೇಕು."

ಸ್ಟುಡಿಯೋದ ಧಣಿ ಆಪರೇಟರನತ್ತ ತಿರುಗಿದರು. "ಸಂಜೆಯೊಳಗೆ ಮಾಸ್ತರರಿಗೆ ತೃಪ್ತಿಯಾಗದಿದ್ದರೆ ನಾಳೆಯಿಂದ ನೀನು ಬರುವುದು ಬೇಡ."

ಆಪರೇಟರ್ ಗೋದಾಮಿನಿಂದ ಹಳೆಯ ವಾಲ್ವ್ ಆಂಪ್ಲಿಫೈಯರನ್ನು ಹೊತ್ತು ತಂದ. "ಎಲ್ಲವೂ ಅಸಲಿಯಾಗಿರಲಿ ಸರ್. ಆ ಕಾಲದಲ್ಲಿ ತಪ್ಪಿದ ಸ್ವರವನ್ನು ಆಮೇಲೆ ತಿದ್ದಿ ತೇಪೆ ಹಾಕುತ್ತಿರಲಿಲ್ಲ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ನುಡಿಸಬೇಕು."

ಜೊತೆಗೆ ನುಡಿಸಲಿದ್ದ ತಬಲಾದವರೂ ಕೋರಸ್ಸಿನ ಆರು ಹೆಂಗಸರೂ ನೋಡುತ್ತಿದ್ದರು. ಅವರೆದುರು ಹಿಂಜರಿಯಲಾಗದೆ ಮಾಸ್ತರರು ಒಪ್ಪಿದರು.

ಮೊದಲ ಸಲ ಅವರು ಎರಡನೆಯ ಚರಣದಲ್ಲಿ ತಪ್ಪಿದರು. ಮುಂದಿನ ಸಲ ಪಲ್ಲವಿಯಲ್ಲೇ ತಪ್ಪಿದರು. ಒಂಬತ್ತನೆಯ ಸಲಕ್ಕೆ ತಬಲಾದವರು ಕೈ ಕೊಡವಿಕೊಂಡು, "ಮಾಸ್ತರ್ರೇ, ನಾದ ಅಸಲಿಯೇ ಉಂಟು. ಸ್ವರ ಯಾವಾಗ ಬರುವುದು?" ಎಂದರು.

ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಆಪರೇಟರನ ಕಿವಿಯ ಬಳಿ ಬಗ್ಗಿದರು. "ಆ ಪೆಟ್ಟಿಗೆಯಲ್ಲಿ ನುಡಿಸಿದರೆ ತೇಪೆ ಹಾಕಬಹುದಾ ಮಾರಾಯ?"

"ಎಷ್ಟು ಬೇಕಾದರೂ ಹಾಕಬಹುದು ಸರ್. ಆದರೆ ನಾದ ನಕಲಿ."

ಮಾಸ್ತರರು ನೆಟ್ಟಗೆ ನಿಂತು ಎಲ್ಲರಿಗೂ ಕೇಳುವಂತೆ ಗುಡುಗಿದರು. "ಯಾರು ಹೇಳಿದ್ದು ನಕಲಿ ಅಂತ? ನಿಜವಾದ ವಾಲ್ವ್ ನಾದ ಇರುವುದೇ ಈ ಪೆಟ್ಟಿಗೆಯಲ್ಲಿ! ಧಣಿಗಳೇ, ನಿಮ್ಮ ಆಪರೇಟರನಿಗೆ ಕಿವಿಯೇ ಇಲ್ಲ."

ಆಪರೇಟರ್ ತಲೆಬಾಗಿ ಕ್ಷಮೆ ಕೇಳಿದ. ಆಮೇಲೆ ಆ ಕಿವಿಯಿಲ್ಲದವನು ಸಂಜೆಯವರೆಗೆ ಕುಳಿತು, ಮಾಸ್ತರರ ನಲವತ್ತೊಂದು ಅಪಸ್ವರಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದ.