ಮೌನ ಹಿಡಿದವನ ಒಪ್ಪಿಗೆ

ಹಡಗಿನ ವ್ಯಾಪಾರಕ್ಕೆ ನಾನಾ ದೇಶದವರು ಬಂಡವಾಳ ಹಾಕುತ್ತಿದ್ದ ಕಾಲ. ದೇಶಕ್ಕೊಂದು ಬಗೆಯ ಲೆಕ್ಕವಿದ್ದರೆ ಹಣ ಹಾಕಿದವರಿಗೆ ತಲೆಬುಡ ತಿಳಿಯುವುದಿಲ್ಲ. ಅದಕ್ಕೇ ಎಲ್ಲರಿಗೂ ಒಂದೇ ನಿಯಮ ಮಾಡಲು ನದಿಯಾಚೆಯ ಬಂದರಿನಲ್ಲಿ ಒಂದು ಸಭೆ ಕೂಡುತ್ತಿತ್ತು.

ಒಂದು ಬೆಳಿಗ್ಗೆ ಶಿಷ್ಯ ಬಾಚಯ್ಯ ಬುಸುಗುಡುತ್ತ ಆಶ್ರಮಕ್ಕೆ ಬಂದ.

“ಅನ್ಯಾಯ, ಗುರುಗಳೇ! ಹಗಲುದರೋಡೆ!”

“ಯಾರಿಗಾಯಿತು ಅನ್ಯಾಯ?”

“ನಮ್ಮಕ್ಕ ನಾಗವ್ವನಿಗೆ. ಮಗ್ಗದಲ್ಲಿ ದುಡಿದದ್ದನ್ನೆಲ್ಲ ಒಂದು ಹಡಗಿಗೆ ಹಾಕಿದ್ದಳು. ಹಡಗು ಮುಳುಗಿತು. ಒಡೆಯ ಮಾತ್ರ ಲೆಕ್ಕದಲ್ಲಿ ‘ಹಡಗು ದಾರಿಯಲ್ಲಿದೆ’ ಎಂದೇ ಬರೆದ. ಅದನ್ನು ನಂಬಿ ಅಕ್ಕ ಬಳೆ ಮಾರಿ ಮತ್ತಷ್ಟು ಹಾಕಿದಳು. ಕೇಳಿದರೆ, ಹಾಗೆ ಬರೆಯಬಹುದೆಂದು ಸಭೆಯ ನಿಯಮವೇ ಇದೆಯಂತೆ!”

“ನಿಯಮ ಮಾಡುವ ಮುಂಚೆ ಯಾರನ್ನೂ ಕೇಳಲಿಲ್ಲವೇ?”

ಬಾಚಯ್ಯನ ದನಿ ಇಳಿಯಿತು.

“ಕೇಳಿದರು. ಕರಡು ಓದಿ, ಆಕ್ಷೇಪವಿದ್ದವರು ಹೇಳಿ ಅಂದರು. ಒಡೆಯರ ಕಡೆಯವರು ಸಾಲುಗಟ್ಟಿ ಬಂದು ಮಾತಾಡಿದರು. ಹಣ ಹಾಕಿದವರ ಕಡೆಯಿಂದ ಇದ್ದವನು ನಾನೊಬ್ಬನೇ. ಅಕ್ಕ ಕಳಿಸಿದ್ದಳು.”

“ನೀನೇನಂದೆ?”

“ನಾನು ಮೌನವ್ರತದಲ್ಲಿದ್ದೆ.”

ವ್ರತ ಹಿಡಿದವನು ಮನೆಯಲ್ಲಿ ಕೂರಬಹುದಿತ್ತು. ನಾಲ್ಕು ಜನ ನೋಡಲಿ ಎಂದು ಬಾಚಯ್ಯ ಮೊದಲ ಸಾಲಿನಲ್ಲೇ ಕೂತಿದ್ದ. ಮೌನವೇ ಸಮ್ಮತಿ ಎಂಬುದು ಆ ಸಭೆಯ ಪದ್ಧತಿ. ಹಣ ಹಾಕಿದವರೂ ಒಪ್ಪಿದ್ದಾರೆ ಎಂದು ಬರೆದುಕೊಂಡು ಸಭೆಯವರು ಎದ್ದಿದ್ದರು.

“ವ್ರತ ಬಾಯಿಗಿತ್ತು. ಕೈಗೇನಾಗಿತ್ತು? ಓಲೆಯಲ್ಲಿ ಬರೆದು ಕೊಟ್ಟರೂ ತೆಗೆದುಕೊಳ್ಳುತ್ತಾರಲ್ಲ?”

“ಲೆಕ್ಕದ ಗಂಧಗಾಳಿ ಇಲ್ಲದವನು ನಾನು. ನನ್ನ ಮಾತನ್ನು ಯಾರು ಕೇಳುತ್ತಾರೆ ಅಂದುಕೊಂಡೆ, ಗುರುಗಳೇ.”

“ನಿಮ್ಮಕ್ಕನಿಗೆ ಆ ಲೆಕ್ಕದಿಂದ ಏನು ತಿಳಿಯಬೇಕಿತ್ತು?”

“ಹಡಗು ಇದೆಯೋ ಇಲ್ಲವೋ, ಅಷ್ಟೇ.”

“ಅಷ್ಟು ಹೇಳುವುದಕ್ಕೆ ಲೆಕ್ಕಶಾಸ್ತ್ರ ಓದಬೇಕಾಗಿತ್ತೇನಯ್ಯಾ? ಲೆಕ್ಕ ಬರೆಯುವವರು ತಮಗೆ ಬೇಕಾದ್ದನ್ನು ಹೇಳಿಕೊಂಡು ಹೋದರು. ಓದುವವರಿಗೆ ಏನು ಬೇಕೆಂದು ಓದುವವರಲ್ಲದೆ ಮತ್ಯಾರು ಹೇಳಬೇಕು?”

ಬಾಚಯ್ಯನಿಗೆ ಮೈಯೆಲ್ಲ ಉರಿಯಿತು. ಇಷ್ಟು ಹೊತ್ತು ಸಭೆಯ ಮೇಲಿದ್ದ ಸಿಟ್ಟು ಈಗ ತನ್ನ ಮೇಲೆಯೇ ತಿರುಗಿತ್ತು.

“ಆ ನಿಯಮದಿಂದ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ಸಭೆಯವರು ಮತ್ತೆ ಕೇಳುತ್ತಾರಂತೆ. ಯಾವಾಗ?” ಎಂದರು ಗುರುಗಳು.

“ಇವತ್ತು ಮಧ್ಯಾಹ್ನ. ಅಕ್ಕ ನೇಕಾರರ ಕೇರಿಯವರನ್ನೆಲ್ಲ ಕಟ್ಟಿಕೊಂಡು ದಡದಲ್ಲಿ ಕಾಯುತ್ತಿದ್ದಾಳೆ. ಅವರ ಪರವಾಗಿ ಮಾತಾಡು ಬಾ ಎಂದು ನನ್ನನ್ನು ಕರೆದಳು.”

“ಮತ್ತೆ ಇಲ್ಲೇಕೆ ನಿಂತಿದ್ದೀಯೆ?”

“ಯಾವ ಮುಖ ಹೊತ್ತು ಹೋಗಲಿ? ನನ್ನಿಂದ ಪಾಪವಾಗಿದೆ. ಪ್ರಾಯಶ್ಚಿತ್ತಕ್ಕೆ ಇಂದಿನಿಂದ ಒಂದು ಮಂಡಲ ಮೌನ ಹಿಡಿಯುತ್ತೇನೆ.”

ಹೇಳಿದವನೇ ಜಗಲಿಯ ಮೇಲೆ ಚಾಪೆ ಹಾಸಿ, ಕಣ್ಣು ಮುಚ್ಚಿ, ಪದ್ಮಾಸನ ಹಾಕಿಬಿಟ್ಟ.

ಗುರುಗಳು ಎದ್ದು ಬಂದು ಚಾಪೆಯ ತುದಿ ಹಿಡಿದು ಎಳೆದರು. ಬಾಚಯ್ಯ ಜಗಲಿಯಿಂದ ಅಂಗಳಕ್ಕೆ ಉರುಳಿದ. ಗುರುಗಳಿಗೆ ಅಷ್ಟು ಸಿಟ್ಟು ಬಂದದ್ದನ್ನು ಅವನು ಎಂದೂ ನೋಡಿರಲಿಲ್ಲ.

“ಮೊದಲ ಮೌನದ ಪುಣ್ಯವನ್ನು ಹಡಗಿನೊಡೆಯ ಉಂಡ. ಇದನ್ನೂ ಅವನಿಗೇ ಬಡಿಸುತ್ತೀಯಾ?”