ಕಂಪ್ರೆಸರ್ ಮತ್ತು ಸೋಪಿನ ನೊರೆ

ಪಂಕ್ಚರ್ ಅಂಗಡಿಯ ದಾವಲಸಾಬರು ಕೊಂಡುತಂದ ಹಳೆಯ ಕಂಪ್ರೆಸರಿನ ಮೈಯಲ್ಲಿ ಎಲ್ಲೋ ಗಾಳಿ ಸೋರುತ್ತಿತ್ತು. ಅದು ಯಾರಿಗೂ ತಿಳಿಯಬಾರದೆಂದು ಕಂಪ್ರೆಸರ್ ಬಿಡುವಿಲ್ಲದೆ ಓಡಿ, ಸೋರಿದ್ದನ್ನೆಲ್ಲ ಮತ್ತೆ ತುಂಬಿಕೊಳ್ಳುತ್ತಿತ್ತು. ಅದರ ಮೈ ಕಾದದ್ದನ್ನು ಕಂಡು ಸಾಬರು ಮೋಟಾರು ನಿಲ್ಲಿಸಿ, ಗಾಳಿ ಸೋರುವ ಜಾಗ ಹುಡುಕಲು ಸೋಪಿನ ನೊರೆ ಹಚ್ಚತೊಡಗಿದರು.

"ಎಲ್ಲಿ ಸೋರುತ್ತಿದೆ ಅಣ್ಣಾ?" ಎಂದು ನೊರೆ ಕೇಳಿತು.

"ಮೆಲ್ಲಗೆ ಮಾತಾಡು ತಂಗೀ. ಗೊತ್ತಾದರೆ ನನ್ನನ್ನು ಗುಜರಿಗೆ ಹಾಕುತ್ತಾರೆ," ಎಂದಿತು ಕಂಪ್ರೆಸರ್.

"ಗುಜರಿಗೆ ಹಾಕುವವರು ಹೀಗೆ ಬಿಸಿಲಲ್ಲಿ ಮಂಡಿಯೂರಿ ಹುಡುಕುತ್ತಾರೆಯೇ?"

"ಪೈಪಿನ ಜಾಯಿಂಟಿನಲ್ಲಿ," ಎಂದು ಕಂಪ್ರೆಸರ್ ಕೊನೆಗೆ ಒಪ್ಪಿಕೊಂಡಿತು. ನೊರೆ ಅಲ್ಲಿಗೆ ಹರಿದು ದೊಡ್ಡದೊಂದು ಗುಳ್ಳೆಯಾಗಿ ಉಬ್ಬಿತು.

"ಇಷ್ಟೇನಾ ನಿನ್ನ ಸಂಕಟ!" ಎಂದು ಸಾಬರು ನಕ್ಕು, ಗಾಳಿ ಇಳಿಸಿ, ಜಾಯಿಂಟಿಗೆ ಟೇಪು ಸುತ್ತಿ ಬಿಗಿದರು. ಮತ್ತೆ ಚಾಲೂ ಮಾಡಿದಾಗ ಕಂಪ್ರೆಸರ್ ಹೊಟ್ಟೆ ತುಂಬ ಗಾಳಿ ಎಳೆದುಕೊಂಡು, ತಾನಾಗಿ ನಿಂತು, ಬಹಳ ಕಾಲದ ಮೇಲೆ ದಣಿವಾರಿಸಿಕೊಂಡಿತು.